ಮಗುವಿನ ಗಂಟಲು ಮತ್ತು ಗಿರಣಿಯ ಪಾಳಿ

(ವಿದುರಾಶ್ವತ್ಥದಲ್ಲಿ ಗಿರಣಿ ಕೆಲಸಗಾರರೂ ಚಿಲ್ಲರೆ ವರ್ತಕರೂ ಕುಟುಂಬಸಮೇತ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



1938ರ ಏಪ್ರಿಲ್ 25ರಂದು ಈ ನೆಲದಲ್ಲಿ ಏನು ನಡೆಯಿತೆಂಬುದನ್ನು ಇಲ್ಲಿ ಕುಳಿತವರಿಗೆ ನಾನು ಹೇಳಬೇಕಾಗಿಲ್ಲ. ಇಂದು ಬೇರೊಂದು ಮಾತಿಗಾಗಿ ನಿಮ್ಮನ್ನು ಕರೆದಿದ್ದೇವೆ. ಬರುವಾಗ ದೇವಸ್ಥಾನದ ಸುತ್ತ ಸಾಲುಸಾಲಾಗಿ ನಿಂತಿರುವ ನಾಗರಕಲ್ಲುಗಳನ್ನು ನೋಡಿಕೊಂಡು ಬಂದಿರಿ. ಮಕ್ಕಳಾಗಲೆಂದು ಹರಕೆ ಹೊತ್ತವರು, ಆದ ಮಕ್ಕಳು ಬಾಳಲೆಂದು ಬೇಡಿಕೊಂಡವರು ನೆಟ್ಟ ಕಲ್ಲುಗಳು ಅವು. ಅಷ್ಟು ಬಯಸಿ ಪಡೆದ ಮಗು ನಡುರಾತ್ರಿ ಕೆಂಡದಂತೆ ಮೈಸುಟ್ಟು, ಒಂದು ಗುಟುಕು ನೀರು ನುಂಗಲಾರದೆ ಅತ್ತಾಗ ತಂದೆತಾಯಿ ಏನು ಮಾಡಬೇಕು? ಇಂದಿನ ಮಾತು ಇಷ್ಟೇ.

ನಾನು ಡಾಕ್ಟರನಲ್ಲ. ಮೆಟ್ರಿಕ್ಕಿನಷ್ಟು ಓದಿ ಕೆಲವು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವನು. ವೈದ್ಯರನ್ನು ಕೇಳಿ ತಿಳಿದದ್ದನ್ನೂ ಕಣ್ಣಾರೆ ಕಂಡದ್ದನ್ನೂ ನಿಮ್ಮ ಮುಂದಿಡುತ್ತೇನೆ. ಇದು ವೈದ್ಯರ ಬದಲಿಗೆ ಅಲ್ಲ. ಯಾವಾಗ ಕಾಯಬಹುದು, ಯಾವಾಗ ಒಂದು ಗಳಿಗೆಯೂ ಕಾಯಬಾರದು ಎಂಬುದು ಮನೆಯಲ್ಲೇ ತಿಳಿದಿರಲಿ ಎಂಬುದಕ್ಕಾಗಿ.

ಹೋದ ಮಳೆಗಾಲದಲ್ಲಿ ನೆರೆಮನೆಯ ಮಗುವನ್ನು ಕರೆದುಕೊಂಡು ಒಬ್ಬ ವೈದ್ಯರ ಬಳಿ ಕುಳಿತಿದ್ದೆ. ನಮಗಿಂತ ಮುಂದೆ ಸಿದ್ಧ ಉಡುಪಿನ ಕಾರ್ಖಾನೆಯ ಹೆಣ್ಣುಮಗಳೊಬ್ಬಳು ಮೂರು ವರ್ಷದ ಹುಡುಗನನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಕಾರ್ಖಾನೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ವೈದ್ಯರು ಹುಡುಗನ ಬಾಯಿ, ಕಿವಿ, ಎದೆ ಎಲ್ಲವನ್ನೂ ನೋಡಿ, "ನೆಗಡಿಯ ಜ್ವರವಮ್ಮಾ, ಮೂರು ದಿನದಲ್ಲಿ ಇಳಿಯುತ್ತೆ, ಗಂಜಿ ಕುಡಿಸು, ಪ್ಯಾರಾಸಿಟಮಾಲ್ ಕೊಡು" ಎಂದರು. ಆಕೆ ಕದಲಲಿಲ್ಲ. "ಒಂದು ಸೂಜಿ ಹಾಕಿಬಿಡಿ ಸಾರ್, ನಾಳೆ ನನಗೆ ಫಸ್ಟ್ ಶಿಫ್ಟು" ಎಂದಳು. ವೈದ್ಯರು ಒಂದು ಕ್ಷಣ ಆಕೆಯ ಮುಖ ನೋಡಿದರು. ಆಮೇಲೆ ಸೂಜಿ ಹಾಕಿದರು.

ಇದರಲ್ಲಿ ಆ ತಾಯಿಯನ್ನು ದೂರುವವನು ನಾನಲ್ಲ. ಎರಡು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿಯಷ್ಟೇ ಅಲ್ಲ, ಹಾಜರಿ ಬೋನಸ್ಸೂ ಹೋಗುತ್ತದೆ. ಮೂರನೆಯ ದಿನ ಸೂಪರ್‌ವೈಸರನ ಬಾಯಿಗೆ ಬೀಳಬೇಕು. ಆಕೆ ಕೇಳಿದ್ದು ಔಷಧವನ್ನಲ್ಲ, ಒಂದು ದಿನದ ಬಿಡುವನ್ನು. ಆದರೆ ಸೂಜಿ ಮಾಡಿದ್ದೇನು? ಜ್ವರವನ್ನು ನಾಲ್ಕಾರು ಗಂಟೆ ಅಡಗಿಸಿತು. ರೋಗ ಎಲ್ಲಿತ್ತೋ ಅಲ್ಲಿಯೇ ಇತ್ತು. ತನ್ನ ದಿನ ತುಂಬಿದ ಮೇಲೆಯೇ ಹೋಯಿತು. ಗಿರಣಿಗೆ ಒಂದು ಪಾಳಿ ಇರುವಂತೆ ಗಂಟಲಿನ ಪ್ರತಿಯೊಂದು ಕಾಯಿಲೆಗೂ ಅದರದೇ ಆದ ಪಾಳಿಯುಂಟು. ಒಂದಕ್ಕೆ ಮೂರು ದಿನ, ಇನ್ನೊಂದಕ್ಕೆ ಹತ್ತು ದಿನ, ಮತ್ತೊಂದಕ್ಕೆ ಕೆಲವೇ ಗಂಟೆ. ಯಾವುದರದು ಎಷ್ಟು ಎಂದು ತಿಳಿಯದೆ ಎಲ್ಲಕ್ಕೂ ಒಂದೇ ಸೂಜಿ ಬೇಡುವುದರಿಂದ ಸುಲಭದ ಜ್ವರಕ್ಕೆ ದುಡ್ಡು ಚೆಲ್ಲುತ್ತೇವೆ, ಕಠಿಣ ಜ್ವರವನ್ನು ಕೈಬಿಡುತ್ತೇವೆ.

ಮೊದಲು ಸುಲಭದ್ದು. ಚಿಕ್ಕ ಮಕ್ಕಳ ಜ್ವರ-ಗಂಟಲುನೋವುಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬರುವಂಥವು. ಮೂಗು ಸುರಿಯುತ್ತದೆ, ಕೆಮ್ಮು ಇರುತ್ತದೆ, ಧ್ವನಿ ಒಡೆಯುತ್ತದೆ, ಕಣ್ಣು ಕೆಂಪಾಗಬಹುದು. ಮನೆಯಲ್ಲಿ ಇನ್ನಿಬ್ಬರಿಗೆ ನೆಗಡಿ ಇರುತ್ತದೆ. ಇದಕ್ಕೆ ಆಂಟಿಬಯಾಟಿಕ್ ಎಂಬುದು ಕೆಲಸಕ್ಕೆ ಬಾರದು. ಆ ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲುದೇ ಹೊರತು ವೈರಸ್ಸನ್ನಲ್ಲ. ಮೂರು ನಾಲ್ಕು ದಿನ ಜ್ವರ, ಒಂದು ವಾರ ಕೆಮ್ಮು, ಮುಗಿಯಿತು. ಬೇಕಾದದ್ದು ಮೇಲಿಂದ ಮೇಲೆ ಕುಡಿಸುವ ಗಂಜಿ, ತಿಳಿಸಾರು, ಎಳನೀರು. ಎದೆಹಾಲು ಕುಡಿಯುವ ಕೂಸಿಗೆ ಎದೆಹಾಲು. ಬಾಯಿ ಮುಕ್ಕಳಿಸಲು ಬಲ್ಲ ಮಗುವಿಗೆ ಬೆಚ್ಚಗಿನ ಉಪ್ಪುನೀರು. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ಮಾತ್ರ ನೆಕ್ಕಿಸಬಾರದು.

ಜ್ವರ ಎಷ್ಟಿದೆ ಎಂದು ಕೈಯಿಟ್ಟು ನೋಡಿ ಹೇಳುವುದು ಸಾಲದು. ಒಂದು ಥರ್ಮಾಮೀಟರು ಮನೆಯಲ್ಲಿರಲಿ. ವಠಾರಕ್ಕೆ ಒಂದಾದರೂ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದು ಜ್ವರ. ಮೂರು ತಿಂಗಳು ತುಂಬದ ಕೂಸಿಗೆ ಇಷ್ಟು ಬಂದರೆ ಆಗಲೇ ಆಸ್ಪತ್ರೆ, ಬೆಳಗಾಗಲಿ ಎನ್ನುವಂತಿಲ್ಲ. ದೊಡ್ಡ ಮಕ್ಕಳಿಗೆ ಪ್ಯಾರಾಸಿಟಮಾಲ್ ಸಿರಪ್ಪು. ಅಂಗಡಿ ಇಟ್ಟುಕೊಂಡಿರುವ ಮಿತ್ರರೂ ಕೇಳಬೇಕಾದ ಮಾತು ಇಲ್ಲೊಂದಿದೆ. ಈ ಸಿರಪ್ಪು ಸಾಮಾನ್ಯವಾಗಿ ಎರಡು ಬಲದಲ್ಲಿ ಬರುತ್ತದೆ: 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವುದು, 250 ಇರುವುದು. ಮಗುವಿನ ತೂಕದ ಕಿಲೋ ಒಂದಕ್ಕೆ ಒಂದು ಸಲಕ್ಕೆ ಹೆಚ್ಚೆಂದರೆ 15 ಮಿಲಿಗ್ರಾಂ ಲೆಕ್ಕ. ಹತ್ತು ಕಿಲೋ ತೂಗುವ ಮಗುವಿಗೆ ಮೊದಲನೆಯದರಲ್ಲಿ 6 ಮಿಲಿಲೀಟರು, ಎರಡನೆಯದರಲ್ಲಿ 3. ಸೀಸೆ ಬದಲಾದದ್ದನ್ನು ನೋಡದೆ ಹಳೆಯ ಅಳತೆಯಲ್ಲೇ ಕೊಟ್ಟರೆ ಇಮ್ಮಡಿ ಔಷಧ ಹೋಯಿತು, ಯಕೃತ್ತಿಗೆ ಅಪಾಯ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕೆ ಮೀರದಂತೆ. ಅಡಿಗೆಮನೆಯ ಚಮಚದಲ್ಲಿ ಅಳೆಯಬೇಡಿ, ಸೀಸೆಯ ಜೊತೆ ಬರುವ ಮುಚ್ಚಳದ ಅಳತೆಯಲ್ಲೇ ಕೊಡಿ.

ಈ ಕಡೆಯ ಅಜ್ಜಿಯರು ಇನ್ನೊಂದು ಮಾಡುತ್ತಾರೆ. ಮಗು ನುಂಗಲಿಲ್ಲವೆಂದರೆ "ಕಿರುನಾಲಿಗೆ ಬಿದ್ದಿದೆ" ಎಂದು ಬೆರಳಿಗೆ ಉಪ್ಪೋ ಮೆಣಸಿನ ಪುಡಿಯೋ ಹಚ್ಚಿ ಗಂಟಲೊಳಗೆ ಒತ್ತುವುದು. ಕಿರುನಾಲಿಗೆ ಬೀಳುವುದೂ ಇಲ್ಲ, ಏಳುವುದೂ ಇಲ್ಲ. ಗಂಟಲು ಬಾತಾಗ ಅದೂ ಬಾತು ಜೋತಾಡುತ್ತದೆ ಅಷ್ಟೆ. ಬಾತ ಜಾಗಕ್ಕೆ ಬೆರಳು ಹಾಕಿದರೆ ಗಾಯ, ಆ ಗಾಯಕ್ಕೆ ಉಗುರಿನ ಕೊಳೆ. ಗಡಿನಾಡಿನವರಾದ ನಮಗೆ ಒಂದು ತೆಲುಗು ಗಾದೆ ಬಾಯಿಪಾಠ ಇದೆಯಲ್ಲ: ಕೊಂಡನಾಲುಕಕು ಮಂದೇಸ್ತೇ ಉನ್ನ ನಾಲುಕ ಊಡಿಂದಿ. ಕಿರುನಾಲಿಗೆಗೆ ಮದ್ದು ಹಾಕಹೋಗಿ ಇದ್ದ ನಾಲಿಗೆಯೇ ಉದುರಿತಂತೆ. ಗಾದೆ ಹೇಳುವುದು ಅಜ್ಜಿಯರೇ, ಬೆರಳು ಹಾಕುವುದೂ ಅವರೇ!

ಅಜ್ಜಿಯ ಬೆರಳಿಗಿಂತ ಕೇಡಿನ ಮದ್ದು ಅಚ್ಚುಕಟ್ಟಾದ ಸೀಸೆಯಲ್ಲಿಯೂ ಬರಬಹುದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಜಿಲ್ಲೆಯಲ್ಲಿ ನೆಗಡಿ, ಕೆಮ್ಮು, ಜ್ವರವೆಂದು ಕೆಮ್ಮಿನ ಸಿರಪ್ಪು ಕುಡಿದ ಚಿಕ್ಕ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಇಪ್ಪತ್ತಕ್ಕೂ ಹೆಚ್ಚು ಎಳೆಯ ಜೀವಗಳು. ಸಿರಪ್ಪಿನಲ್ಲಿ ಇದ್ದದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಯ ದ್ರಾವಣ. ತನ್ನಷ್ಟಕ್ಕೇ ಹೋಗುವ ಕೆಮ್ಮಿಗಾಗಿ ಆ ಮಕ್ಕಳು ಹೋದರು. ಎರಡು ವರ್ಷದೊಳಗಿನ ಮಗುವಿಗೆ ಕೆಮ್ಮು-ನೆಗಡಿಯ ಸಿರಪ್ಪು ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ಕೇಂದ್ರದ ಆರೋಗ್ಯ ಇಲಾಖೆಯೇ ಆಗ ಹೇಳಿತು. ಅಂಗಡಿಯವರೆ, ತಾಯಿ ಬಂದು ಕೇಳಿದಳೆಂದು ಕೊಟ್ಟುಬಿಡಬೇಡಿ.

ಈಗ ಹತ್ತು ದಿನದ ಪಾಳಿಯ ಕಾಯಿಲೆಗೆ ಬರುತ್ತೇನೆ. ಇದನ್ನು ಹೇಳುವಾಗ ನನ್ನ ಶಾಲೆಯ ಒಬ್ಬ ಹುಡುಗಿ ಕಣ್ಣಮುಂದೆ ಬರುತ್ತಾಳೆ. ನಾಲ್ಕನೆಯ ತರಗತಿ. ಅಪ್ಪ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೂಲಿ. ಒಂದು ಸಲ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಗಂಟಲುನೋವು, ಜ್ವರ ಎಂದರು. ಬಂದಳು, ಚೆನ್ನಾಗಿಯೇ ಇದ್ದಳು. ಮೂರು ವಾರ ಕಳೆದಿರಬೇಕು, ಮಂಡಿ ಊದಿದೆ ಎಂದು ಕುಂಟುತ್ತ ಬಂದಳು. ಎರಡು ದಿನ ಬಿಟ್ಟು ಮಂಡಿ ಸರಿಹೋಯಿತು, ಈಗ ಕಾಲಿನ ಹರಡು ನೋವು ಎಂದಳು. ಕವಾಯತು ತಪ್ಪಿಸಿಕೊಳ್ಳಲು ಆಡುವ ಆಟ ಎಂದುಕೊಂಡು ಗದರಿ ನಿಲ್ಲಿಸಿದೆ. ಆ ಗದರಿಕೆ ನನಗೆ ಇವತ್ತಿಗೂ ಚುಚ್ಚುತ್ತದೆ. ಏಳನೆಯ ತರಗತಿಗೆ ಬರುವ ಹೊತ್ತಿಗೆ ಆ ಹುಡುಗಿ ಮಹಡಿ ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ನೋಡಿದಾಗ ಹೃದಯದ ಒಂದು ಕವಾಟ ಕುಗ್ಗಿಹೋಗಿತ್ತು. ಬಲೂನು ತೂರಿಸಿ ಅದನ್ನು ಹಿಗ್ಗಿಸಿದರು. ಈಗ ಬದುಕಿದ್ದಾಳೆ, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳುತ್ತಾಳೆ.

ಗಂಟಲೆಲ್ಲಿ, ಮಂಡಿಯೆಲ್ಲಿ, ಹೃದಯವೆಲ್ಲಿ ಎಂದು ನೀವು ಕೇಳುವುದು ಸಹಜ. ಸ್ಟ್ರೆಪ್ಟೊಕಾಕಸ್ ಎಂಬ ಒಂದು ಬ್ಯಾಕ್ಟೀರಿಯಾ ಗಂಟಲಲ್ಲಿ ಬೀಡುಬಿಟ್ಟಾಗ ನಮ್ಮ ರಕ್ತ ಅದರ ಮೇಲೆ ಹೋರಾಡಲು ಅಸ್ತ್ರಗಳನ್ನು ತಯಾರಿಸುತ್ತದೆ. ಕೆಲವು ಮಕ್ಕಳಲ್ಲಿ ಆ ಅಸ್ತ್ರಗಳು ಶತ್ರುವಿಗೂ ಸ್ವಂತ ಹೃದಯದ ಕವಾಟಕ್ಕೂ ಭೇದ ತಿಳಿಯದೆ ಎರಡನ್ನೂ ಹೊಡೆಯುತ್ತವೆ. ಇದೇ ರುಮ್ಯಾಟಿಕ್ ಜ್ವರ. ಗಂಟಲು ವಾಸಿಯಾಗಿ ಎರಡು ಮೂರು ವಾರದ ಮೇಲೆ ಬರುವುದರಿಂದ ಒಂದಕ್ಕೊಂದು ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಒಂದೇ ಕೋಣೆಯಲ್ಲಿ ಆರೇಳು ಮಂದಿ ಮಲಗುವ ಮನೆಗಳಲ್ಲಿ ಇದು ಹೆಚ್ಚು. ಬಡವರ ಕಾಯಿಲೆ ಎಂದು ವೈದ್ಯಗ್ರಂಥಗಳೇ ಒಪ್ಪುತ್ತವೆ.

ಗುರುತು ಹೇಳುತ್ತೇನೆ. ಮೂರು ವರ್ಷದೊಳಗೆ ಇದು ಅಪರೂಪ, 5ರಿಂದ 15 ವರ್ಷದವರಲ್ಲಿ ಹೆಚ್ಚು. ಆ ವಯಸ್ಸಿನಲ್ಲಿ ಗಂಟಲುನೋವೆಂದು ಬರುವ ಹತ್ತು ಮಕ್ಕಳಲ್ಲಿ ಎರಡು ಮೂರು ಮಕ್ಕಳದು ಈ ಬಗೆ. ಜ್ವರ ತಟ್ಟನೆ ಏರುತ್ತದೆ. ನೆಗಡಿಯಿಲ್ಲ, ಕೆಮ್ಮಿಲ್ಲ. ನುಂಗಲು ಬಲು ನೋವು. ತಲೆನೋವು, ಹೊಟ್ಟೆನೋವು, ವಾಂತಿ ಜೊತೆಗೂಡಬಹುದು. ದವಡೆಯ ಕೆಳಗೆ ಗಂಟು ಮುಟ್ಟಿದರೆ ನೋಯುತ್ತದೆ. ಬಾಗಿಲ ಬೆಳಕಿನಲ್ಲಿ ಕೂರಿಸಿ, ಇಲ್ಲವೆ ಫೋನಿನ ಟಾರ್ಚು ಬಿಟ್ಟು 'ಆ' ಎನಿಸಿ ನೋಡಿ: ಎರಡು ಪಕ್ಕದ ಟಾನ್ಸಿಲ್ ಗಡ್ಡೆಗಳು ಕೆಂಪಗೆ ಊದಿ ಮೇಲೆ ಬಿಳಿ ಕೀವಿನ ಚುಕ್ಕೆ ಕಾಣಬಹುದು. ಮೈಮೇಲೆ ಉಪ್ಪುಕಾಗದದಂಥ ಒರಟು ಕೆಂಪು ಗುಳ್ಳೆ ಎದ್ದರೂ ಇದರದೇ ಒಂದು ರೂಪ. ಕಣ್ಣಂದಾಜು ಯಾವಾಗಲೂ ನಿಜವಾಗದು. ವೈದ್ಯರು ಬೇಕಾದರೆ ಗಂಟಲಿನ ದ್ರವ ತೆಗೆದು ಪರೀಕ್ಷಿಸುತ್ತಾರೆ. ಹೌದೆಂದಾದರೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಹತ್ತು ದಿನ. ನೋವು ಶುರುವಾಗಿ ಒಂಬತ್ತು ದಿನದೊಳಗೆ ಔಷಧ ಆರಂಭಿಸಿದರೂ ಹೃದಯವನ್ನು ಉಳಿಸಬಹುದು.

ಹತ್ತು ದಿನ ಎಂದರೆ ಹತ್ತು ದಿನ. ನಮ್ಮಲ್ಲಿ ಆಗುವುದೇನು? ಮೂರನೆಯ ದಿನ ಮಗು ಆಡುತ್ತದೆ, ಉಳಿದ ಔಷಧವನ್ನು ಗೂಡಿನಲ್ಲಿಟ್ಟು ಮುಂದಿನ ಸಲಕ್ಕಾಯಿತು ಎನ್ನುತ್ತೇವೆ. ದುಡ್ಡು ಸಾಲದೆ ಅಂಗಡಿಯಲ್ಲಿ ನಾಲ್ಕೇ ಮಾತ್ರೆ ಬಿಡಿಯಾಗಿ ಕೊಳ್ಳುತ್ತೇವೆ. ನಾಲ್ಕು ದಿನದ ಔಷಧಕ್ಕೆ ಹೆದರಿ ಓಡಿಹೋಗುವ ಶತ್ರುವಲ್ಲ ಅದು. ಸಾಲದವರು ಸರ್ಕಾರಿ ಆಸ್ಪತ್ರೆಗೆ ಹೋಗಿ, ಈ ಔಷಧವನ್ನು ಪುಕ್ಕಟೆ ಕೇಳುವ ಹಕ್ಕು ನಿಮಗಿದೆ.

ಇನ್ನು ಗಂಟೆಗಳ ಲೆಕ್ಕದ ಕಾಯಿಲೆ. ಹಿರಿಯರು ಗಂಟಲಮಾರಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಇಂಗ್ಲಿಷಿನಲ್ಲಿ ಡಿಫ್ತೀರಿಯಾ. ಜ್ವರ ಬಹಳ ಇರುವುದಿಲ್ಲ, ಅದೇ ಅದರ ಮೋಸ. ಗಂಟಲಲ್ಲಿ ಬೂದುಬಣ್ಣದ ಒಂದು ಪೊರೆ ಕಟ್ಟುತ್ತದೆ. ಹಾಲಿನ ಕೆನೆಯಂತೆ ಒರೆಸಿದರೆ ಹೋಗುವುದಿಲ್ಲ, ಕೀಳಹೋದರೆ ರಕ್ತ ಬರುತ್ತದೆ. ಕುತ್ತಿಗೆ ಎತ್ತಿನ ಕುತ್ತಿಗೆಯಂತೆ ಊದಬಹುದು. ಪೊರೆ ಕೆಳಗಿಳಿದರೆ ಉಸಿರು ಕಟ್ಟುತ್ತದೆ. ಪೊರೆಗಿಂತಲೂ ಅದು ಸುರಿಸುವ ವಿಷ ಕ್ರೂರ: ಗಂಟಲು ವಾಸಿಯಾಯಿತೆಂದು ಸಂತೋಷಪಡುವ ಹೊತ್ತಿಗೆ, ವಾರ ಎರಡು ವಾರದ ಮೇಲೆ ಹೃದಯ ನಿಂತೀತು. ಕುಡಿದ ನೀರು ಮೂಗಿನಿಂದ ಬರತೊಡಗಿದರೆ ವಿಷ ನರಕ್ಕೆ ತಗುಲಿದೆ ಎಂದು ಅರ್ಥ.

ಈ ವಿಷಕ್ಕೆ ಪ್ರತಿವಿಷ ಕಂಡುಹಿಡಿದು 130 ವರ್ಷ ದಾಟಿತು. 1890ರಲ್ಲಿ ಜರ್ಮನಿಯಲ್ಲಿ ಬೆಹ್ರಿಂಗ್ ಮತ್ತು ಜಪಾನಿನ ಕಿಟಾಸಾಟೊ ಇದರ ದಾರಿ ತೋರಿಸಿದರು. 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಬೆಹ್ರಿಂಗರಿಗೆ ಬಂದದ್ದು ಇದಕ್ಕೇ. ಕುದುರೆಯ ರಕ್ತದಿಂದ ತೆಗೆಯುವ ಈ ಸೀರಮ್ಮು ರಕ್ತದಲ್ಲಿ ತೇಲುವ ವಿಷವನ್ನು ಹಿಡಿಯುತ್ತದೆ, ಈಗಾಗಲೇ ಹೃದಯಕ್ಕೆ ಅಂಟಿದ್ದನ್ನು ಬಿಡಿಸಲಾರದು. ಆದಕಾರಣ ಸಂಶಯ ಬಂದ ಕೂಡಲೆ ಕೊಡಬೇಕು. ಬೆಳಿಗ್ಗೆ ಪಾಳಿ ಮುಗಿಸಿಕೊಂಡು ಕರೆದೊಯ್ಯುತ್ತೇನೆ ಎನ್ನುವ ಕಾಯಿಲೆ ಇದಲ್ಲ.

ಇಷ್ಟೆಲ್ಲ ತಿಳಿದ ಮೇಲೂ 2016ರಲ್ಲಿ ಕೇರಳದ ಮಲಪ್ಪುರಂನಲ್ಲಿ ಇದು ಎದ್ದಿತು. 2018ರ ಸೆಪ್ಟೆಂಬರಿನಲ್ಲಿ ದೇಶದ ರಾಜಧಾನಿ ದಿಲ್ಲಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಆಗ ಸೀರಮ್ಮಿಗೇ ಅಭಾವ. ನಮ್ಮ ನಾಡಿನ ವಿಜಯಪುರದ ಕಡೆಯೂ ಇದು ಕಾಣಿಸಿಕೊಂಡಿದೆ. ಲಸಿಕೆ ಇಲ್ಲದೆ ಅಲ್ಲ, ಲಸಿಕೆ ಪೂರ್ತಿಯಾಗದೆ. ಆರು, ಹತ್ತು, ಹದಿನಾಲ್ಕು ವಾರದಲ್ಲಿ ಹಾಕುವ ಪೆಂಟಾವೇಲೆಂಟ್ ಸೂಜಿಯನ್ನು ತಾಯಂದಿರು ಬಹುಮಟ್ಟಿಗೆ ಹಾಕಿಸುತ್ತಾರೆ, ಆಗ ಬಾಣಂತನದಲ್ಲಿ ಮನೆಯಲ್ಲಿರುತ್ತಾರಷ್ಟೆ. ತಪ್ಪುವುದು 16ರಿಂದ 24 ತಿಂಗಳ ನಡುವಿನ ಡಿಪಿಟಿ ಬೂಸ್ಟರು, 5-6 ವರ್ಷದ ಎರಡನೆಯ ಬೂಸ್ಟರು. ಆ ವೇಳೆಗೆ ತಾಯಿ ಗಿರಣಿಗೆ ಮರಳಿರುತ್ತಾಳೆ. ಮೊದಲು ಹಾಕಿದ ಲಸಿಕೆಯ ಬಲ ವರ್ಷ ಕಳೆದಂತೆ ಕುಂದುತ್ತದೆ. ಇಂದು ಐದು ವರ್ಷ ದಾಟಿದ ಮಕ್ಕಳಿಗೂ ಗಂಟಲಮಾರಿ ಹೆಚ್ಚಾಗಿ ಬರುತ್ತಿರುವುದು ಅದರಿಂದಲೇ. 10ಕ್ಕೂ 16ಕ್ಕೂ ಟಿಡಿ ಎಂಬ ಸೂಜಿಯುಂಟು, ಅದೂ ಇದನ್ನು ತಡೆಯುತ್ತದೆ. ಎಲ್ಲವೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಸೂಜಿ ಬೇಡುವುದಾದರೆ ಇದನ್ನು ಬೇಡಿ!

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಿವಿಯ ಕೆಳಗೆ ಕೆನ್ನೆ ಊದಿದರೆ ಮಂಗನಬಾವು. ಬಾಯೊಳಗೆ ಹುಣ್ಣು, ಅಂಗೈ ಅಂಗಾಲಲ್ಲಿ ಗುಳ್ಳೆಯಾದರೆ ಅಂಗನವಾಡಿಯಿಂದ ಅಂಗನವಾಡಿಗೆ ಹಬ್ಬುವ ಒಂದು ವೈರಸ್ಸು, ವಾರದಲ್ಲಿ ಹೋಗುತ್ತದೆ. ಜ್ವರ, ಕೆಮ್ಮು, ಕೆಂಗಣ್ಣು ಬಂದು ಕಿವಿಯ ಹಿಂದಿನಿಂದ ಕೆಂಪು ಗುಳ್ಳೆ ಇಳಿದರೆ ದಡಾರ. ಅಮ್ಮ ಬಂದಿದ್ದಾಳೆಂದು ಬೇವು ಕಟ್ಟಿ ಕೂಡುವುದು ಬೇಡ, ವೈದ್ಯರಿಗೆ ತೋರಿಸಿ. ಮಳೆಗಾಲದಲ್ಲಿ ಡೆಂಗಿಯನ್ನೂ ಮರೆಯಬಾರದು. 2024ರಲ್ಲಿ ನಮ್ಮ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಸಾರಿತು. ಆ ಸಂಶಯವಿದ್ದಾಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಲೇಬೇಡಿ, ರಕ್ತಸ್ರಾವವಾದೀತು. ಜ್ವರ ಇಳಿದ ದಿನವೇ ಡೆಂಗಿಯಲ್ಲಿ ಎಚ್ಚರದ ದಿನ.

ಓಡಬೇಕಾದ ಗುರುತುಗಳನ್ನು ಮಾತ್ರ ಇನ್ನೊಮ್ಮೆ ನಿಧಾನವಾಗಿ ಹೇಳುತ್ತೇನೆ, ಹಿಂದೆ ಕುಳಿತವರೂ ಕೇಳಿ. ಮಗು ಎಂಜಲನ್ನೂ ನುಂಗಲಾರದೆ ಜೊಲ್ಲು ಸುರಿಸುತ್ತಿದೆ. ಉಸಿರೆಳೆಯುವಾಗ ಗೊರಗೊರ ಸದ್ದು, ಪಕ್ಕೆ ಒಳಗೆ ಸೆಳೆಯುತ್ತಿದೆ. ಬಾಯಿ ತೆರೆಯಲಾಗದು, ಕುತ್ತಿಗೆ ತಿರುಗಿಸಲಾಗದು. ಆರೆಂಟು ಗಂಟೆಯಿಂದ ಮೂತ್ರವಿಲ್ಲ. ಕರೆದರೆ ಕಣ್ಣು ಬಿಡುವುದಿಲ್ಲ, ಫಿಟ್ಸು ಬಂತು. ಬೂದುಬಣ್ಣದ ಪೊರೆ. ಇದರಲ್ಲಿ ಒಂದು ಕಂಡರೂ ಸಾಕು, 108ಕ್ಕೆ ಕರೆ ಮಾಡಿ. ಜೊಲ್ಲು ಸುರಿಸುತ್ತ ಕಷ್ಟದಿಂದ ಉಸಿರಾಡುವ ಮಗುವಿನ ಬಾಯಿಗೆ ಚಮಚ ತೂರಿಸಿ ನೋಡುವುದು ಬೇಡ, ಮಲಗಿಸುವುದೂ ಬೇಡ. ತೊಡೆಯ ಮೇಲೆ ಕೂರಿಸಿಕೊಂಡೇ ಒಯ್ಯಿರಿ. ಉಸಿರನ್ನು ಗಡಿಯಾರ ನೋಡಿ ಒಂದು ನಿಮಿಷ ಎಣಿಸಿ: ಒಂದರಿಂದ ಐದು ವರ್ಷದ ಮಗುವಿಗೆ 40, ಎರಡು ತಿಂಗಳಿಂದ ಒಂದು ವರ್ಷದ ಕೂಸಿಗೆ 50 ಮುಟ್ಟಿದರೆ ನ್ಯುಮೋನಿಯಾ ಇರಬಹುದು. ಇವೊಂದೂ ಇಲ್ಲದಿದ್ದರೂ ಜ್ವರ ಮೂರು ದಿನ ಮೀರಿದರೆ ತೋರಿಸಲೇಬೇಕು.

ಗಿರಣಿಯವರಿಗೆ ಒಂದು ಮಾತು. ಇಎಸ್‌ಐ ಎಂಬುದು 1948ರ ಕಾನೂನಿನಿಂದ ಬಂದದ್ದು; 2017ರಲ್ಲಿ ಅದರ ವೇತನದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. ನಿಮ್ಮ ಸಂಬಳದಲ್ಲಿ ಅದಕ್ಕೆ ಹಿಡಿಯುತ್ತಾರೆ, ಆದುದರಿಂದ ಮಗುವಿನ ಚಿಕಿತ್ಸೆ ಭಿಕ್ಷೆಯಲ್ಲ. ಆದರೆ ಮಗುವಿನ ಹೆಸರನ್ನು ಕಾರ್ಡಿಗೆ ಸೇರಿಸಿದ್ದೀರಾ? ಹೆರಿಗೆಯಾಗಿ ಎರಡು ವರ್ಷವಾದರೂ ಸೇರಿಸದವರನ್ನು ನಾನು ಬಲ್ಲೆ. ಇನ್ನೊಂದು ಕೊರತೆ ಕಾನೂನಿನದೇ. ನೀವು ಮಲಗಿದರೆ ವರ್ಷಕ್ಕೆ 91 ದಿನದವರೆಗೆ ವೇತನದ ನೂರಕ್ಕೆ 70ರಷ್ಟು ಕೊಡುತ್ತದೆ. ಮಗು ಮಲಗಿದರೆ ಒಂದು ಕಾಸೂ ಇಲ್ಲ. ಆ ಹೆಣ್ಣುಮಗಳು ಸೂಜಿ ಬೇಡಿದ್ದು ಇದಕ್ಕಾಗಿಯೇ. ಮಗುವಿನ ಕಾಯಿಲೆಗೆ ವರ್ಷದಲ್ಲಿ ಕೆಲವು ದಿನ ಸಂಬಳ ಸಹಿತ ರಜೆ ಎಂಬ ಬೇಡಿಕೆ ಮುಂದಿನ ಮಾತುಕತೆಯ ಪಟ್ಟಿಗೆ ಸೇರಲೇಬೇಕು. ಚಿಲ್ಲರೆ ವ್ಯಾಪಾರಿಗಳಿಗೆ ಇಎಸ್‌ಐಯೂ ಇಲ್ಲ, ಬಾಗಿಲು ಹಾಕಿದರೆ ಗಿರಾಕಿಯೂ ಇಲ್ಲ. ಅವರ ಕಷ್ಟ ಇನ್ನೊಂದು ಸಭೆಯ ವಿಷಯ.

ತಾಯಿ ಕಾರ್ಡು ತಂದಿರುವವರು ಹೋಗುವ ಮುಂಚೆ ಈ ಮೇಜಿನ ಬಳಿ ಬನ್ನಿ. ಯಾವ ಬೂಸ್ಟರು ತಪ್ಪಿದೆ ಎಂದು ನೋಡಿ ಚೀಟಿಯಲ್ಲಿ ಬರೆದುಕೊಡುತ್ತೇನೆ. ಹಾಜರಿ ಪುಸ್ತಕದಲ್ಲಿ ಖಾಲಿ ಬಿಟ್ಟ ಮನೆ ಹುಡುಕುವುದು ನನಗೆ ಹಳೆಯ ಅಭ್ಯಾಸ. ಕಾರ್ಡು ಕಳೆದುಕೊಂಡವರೂ ಬನ್ನಿ, ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಲೆಕ್ಕ ಇರುತ್ತದೆ, ಕೇಳಿ ತರಿಸೋಣ.